ಶ್ರವಣ ಮತ್ತು ಸಮತೋಲನ ದೋಷ: ದಕ್ಷಿಣ ಬೆಂಗಳೂರಿನಲ್ಲಿ ದೈನಂದಿನ ಓಡಾಟ

ಶ್ರವಣ ದೋಷ ಮತ್ತು ಸಮತೋಲನ ದೋಷಗಳು ಒಳಕಿವಿಯ ತೊಂದರೆಯಿಂದ ಒಟ್ಟಿಗೆ ಉಂಟಾಗಬಹುದಾದ ನ್ಯೂನತೆಗಳು. ಹೊರನೋಟಕ್ಕೆ ಕಾಣದ ಇವು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಂತಹ ಜನನಿಬಿಡ ಪ್ರದೇಶಗಳಲ್ಲಿ ಮಾರುಕಟ್ಟೆ, ಬ್ಯಾಂಕು, ಔಷಧಿ ಅಂಗಡಿಗಳಿಗೆ ಹೋಗಿಬರುವುದನ್ನು ಕಷ್ಟಕರವಾಗಿಸುತ್ತವೆ.

ಕಾರಣ
ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಕಾಕ್ಲಿಯ ಹಾಗೂ ತಲೆಯ ತಿರುಗುವಿಕೆಯನ್ನು ಗುರುತಿಸುವ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಎರಡರ ಸಂಕೇತಗಳೂ ಎಂಟನೆಯ ಕಪಾಲ ನರದ ಮೂಲಕ ಮಿದುಳನ್ನು ತಲುಪುತ್ತವೆ. ನಾಳಗಳ ಕಾರ್ಯ ಕುಂದಿದಾಗ ದೇಹವು ದೃಷ್ಟಿಯನ್ನೂ ಪಾದಗಳ ಸ್ಪರ್ಶವನ್ನೂ ಹೆಚ್ಚು ಅವಲಂಬಿಸುತ್ತದೆ. ಆದುದರಿಂದ ಕತ್ತಲೆಯಲ್ಲಿ ಮತ್ತು ಕಲ್ಲುಚಪ್ಪಡಿಗಳು ಏರುಪೇರಾದ ಪಾದಚಾರಿ ಮಾರ್ಗಗಳಲ್ಲಿ ಬೀಳುವ ಅಪಾಯ ಅಧಿಕ.

ಓಡಾಟ
ರಸ್ತೆ ದಾಟುವಾಗ ಹಿಂದಿನಿಂದ ಬರುವ ವಾಹನದ ಸದ್ದು ಕೇಳಿಸದಿರಬಹುದು. ತಟ್ಟನೆ ತಿರುಗಿ ನೋಡಿದರೆ ತಲೆಸುತ್ತು ಬರಬಹುದು. ಹಗಲಿನಲ್ಲಿ ಸಂದಣಿ ಕಡಿಮೆಯಿರುವಾಗ ಹೊರಡುವುದು, ಊರುಗೋಲು ಬಳಸುವುದು, ಆಟೊ ಚಾಲಕರಿಗೆ ವಿಳಾಸವನ್ನೂ ಅಂಗಡಿಯವರಿಗೆ ಸಾಮಾನಿನ ಚೀಟಿಯನ್ನೂ ಬರೆದು ತೋರಿಸುವುದು ಉಪಯುಕ್ತ ಕ್ರಮಗಳು. ನಮ್ಮ ಮೆಟ್ರೊದ ಹಸಿರು ಮಾರ್ಗವು 2017ರಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನೂ ಹಳದಿ ಮಾರ್ಗವು 2025ರಲ್ಲಿ ಬಿಟಿಎಂ ಬಡಾವಣೆಯನ್ನೂ ತಲುಪಿತು. ನಿಲ್ದಾಣಗಳಲ್ಲಿ ಲಿಫ್ಟ್ ಇದ್ದು, ಮುಂದಿನ ನಿಲ್ದಾಣದ ಹೆಸರು ರೈಲಿನೊಳಗೆ ಅಕ್ಷರಗಳಲ್ಲಿಯೂ ಕಾಣುತ್ತದೆ. ನಿಲ್ದಾಣದಿಂದ ಮನೆಯವರೆಗಿನ ನಡಿಗೆ ಮಾತ್ರ ಸವಾಲಾಗಿಯೇ ಉಳಿದಿದೆ.

ಕಾನೂನು
2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿಮಾಡುತ್ತದೆ. ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ಶ್ರವಣ ನಷ್ಟವಿರುವವರನ್ನು ಮಂದಶ್ರವಣರೆಂದೂ 70 ಡೆಸಿಬೆಲ್ ನಷ್ಟವಿರುವವರನ್ನು ಕಿವುಡರೆಂದೂ ಅದು ಗುರುತಿಸುತ್ತದೆ. ಸಮತೋಲನ ದೋಷಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಹೀಗಾಗಿ ಶ್ರವಣ ನಷ್ಟ ಈ ಮಿತಿಯನ್ನು ಮುಟ್ಟದವರ ನಡಿಗೆ ಎಷ್ಟೇ ಅಸ್ಥಿರವಾಗಿದ್ದರೂ ಶ್ರವಣ ಮಾಪನದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.