ಸುದ್ದಿ ಛಾಯಾಗ್ರಾಹಕರು: ಪತ್ರಕರ್ತರೋ, ಕಲಾವಿದರೋ?

ಪತ್ರಿಕೆಗಳಿಗಾಗಿ ಘಟನೆಗಳ ಚಿತ್ರ ತೆಗೆಯುವವರು ಸುದ್ದಿ ಛಾಯಾಗ್ರಾಹಕರು. ಅವರನ್ನು ಪತ್ರಕರ್ತರೆನ್ನಬೇಕೋ, ಕಲಾವಿದರೆನ್ನಬೇಕೋ ಎಂಬ ಪ್ರಶ್ನೆ ಹಳೆಯದು. ಇದು ಬರಿಯ ಹೆಸರಿನ ಚರ್ಚೆಯಲ್ಲ. ದುಡಿಮೆಯ ಮಾನ್ಯತೆ, ಚಿತ್ರದ ಒಡೆತನ ಹಾಗೂ ಓದುಗರ ನಂಬಿಕೆ ಇದರೊಂದಿಗೆ ಹೆಣೆದುಕೊಂಡಿವೆ.

ಕಾನೂನಿನ ದೃಷ್ಟಿ

ಭಾರತದ ಕಾನೂನು ಎರಡೂ ಉತ್ತರಗಳನ್ನು ನೀಡುತ್ತದೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯು ಸಂಪಾದಕ, ವರದಿಗಾರ, ವ್ಯಂಗ್ಯಚಿತ್ರಕಾರರ ಸಾಲಿನಲ್ಲಿಯೇ ಸುದ್ದಿ ಛಾಯಾಗ್ರಾಹಕರನ್ನೂ ಹೆಸರಿಸಿತ್ತು. ಅದರ ಸ್ಥಾನದಲ್ಲಿ ರೂಪುಗೊಂಡ 2020ರ ಕಾರ್ಮಿಕ ಸಂಹಿತೆಯೂ ಈ ಪಟ್ಟಿಯನ್ನು ಉಳಿಸಿಕೊಂಡಿದೆ. ಇತ್ತ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರವು ಕಲಾಕೃತಿ. ಅದರಲ್ಲಿ ಕಲಾಗುಣ ಇರಲೇಬೇಕೆಂದಿಲ್ಲ. ಪತ್ರಿಕೆಯ ನೌಕರಿಯಲ್ಲಿದ್ದು ತೆಗೆದ ಚಿತ್ರವನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರದು. ಉಳಿದ ಹಕ್ಕುಗಳು ಛಾಯಾಗ್ರಾಹಕರವು.

ಸತ್ಯನ್ ಅವರ ಮಾದರಿ

ಕರ್ನಾಟಕದಲ್ಲಿ ಈ ಎರಡೂ ಗುಣಗಳು ಕೂಡಿದ್ದುದು ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರಲ್ಲಿ. 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯಲ್ಲಿ ದುಡಿದ ಅವರು ಮುಂದೆ 'ಲೈಫ್', 'ಟೈಮ್' ಮುಂತಾದ ವಿದೇಶಿ ನಿಯತಕಾಲಿಕಗಳಿಗೂ ಚಿತ್ರಗಳನ್ನು ನೀಡಿದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನ ಕಾರ್ಯವನ್ನು ದಾಖಲಿಸಿದರು. 1977ರಲ್ಲಿ ಪದ್ಮಶ್ರೀ ಪುರಸ್ಕಾರ ಲಭಿಸಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಸಾಮಾನ್ಯ ಜನರ ನಿತ್ಯಜೀವನವೇ ಅವರ ಮುಖ್ಯ ವಸ್ತು. ಪತ್ರಿಕೆಗೆ ಒದಗಿದ ಕಣ್ಣೇ ಪ್ರದರ್ಶನಾಲಯಕ್ಕೂ ಒದಗಿತು.

ಮೀರಬಾರದ ಗೆರೆ

ಬೆಳಕು, ಚೌಕಟ್ಟು ಮತ್ತು ಕ್ಷಣದ ಆಯ್ಕೆಯಲ್ಲಿ ಕಲೆಗೆ ಸ್ವಾತಂತ್ರ್ಯವಿದೆ. ನಡೆದುದನ್ನು ಬದಲಿಸುವ ಸ್ವಾತಂತ್ರ್ಯವಿಲ್ಲ. 2006ರಲ್ಲಿ ಬೈರೂತ್ ದಾಳಿಯ ಚಿತ್ರವೊಂದರಲ್ಲಿ ಕಂಪ್ಯೂಟರ್ ನೆರವಿನಿಂದ ಹೊಗೆಯನ್ನು ದಟ್ಟವಾಗಿಸಿದ್ದು ಬಯಲಾಯಿತು. ರಾಯಿಟರ್ಸ್ ಸಂಸ್ಥೆಯು ಆ ಛಾಯಾಗ್ರಾಹಕರ ಒಟ್ಟು 920 ಚಿತ್ರಗಳನ್ನು ಹಿಂತೆಗೆದುಕೊಂಡಿತು. ಒಂದು ಚಿತ್ರದ ಸುಳ್ಳು ಉಳಿದೆಲ್ಲವುಗಳ ಮೇಲೂ ಸಂಶಯ ತಂದಿತು.

ತಾಲ್ಲೂಕು ಮಟ್ಟದಲ್ಲಿ

ದಾವಣಗೆರೆ ಜಿಲ್ಲೆಯ ನ್ಯಾಮತಿಯಂತಹ ತಾಲ್ಲೂಕು ಕೇಂದ್ರಗಳಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. ಇಂತಹ ಊರುಗಳಲ್ಲಿ ಪ್ರತ್ಯೇಕ ಸುದ್ದಿ ಛಾಯಾಗ್ರಾಹಕರು ವಿರಳ. ಅರೆಕಾಲಿಕ ವರದಿಗಾರರೇ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ, ಇಲ್ಲವೇ ಮದುವೆ ಚಿತ್ರ ತೆಗೆಯುವ ಸ್ಟುಡಿಯೋದವರ ನೆರವು ಪಡೆಯುತ್ತಾರೆ. ನೆರೆಯ ಹೊನ್ನಾಳಿಯಲ್ಲಿ ತುಂಗಭದ್ರೆ ಉಕ್ಕಿ ತಗ್ಗು ಬಡಾವಣೆಗೆ ನೀರು ನುಗ್ಗಿದಾಗ, ಮನೆ ಕಳೆದುಕೊಂಡವರಿಗೆ ಆ ಚಿತ್ರವೇ ಸಾಕ್ಷಿಯಾಗಬಲ್ಲದು. ಆದರೆ ತೆಗೆದವರ ಹೆಸರು ಅಡಿಬರಹದಲ್ಲಿ ಕಾಣದೆ ಹೋಗುವುದುಂಟು. ತನ್ನ ಕೃತಿಯ ಕರ್ತೃ ತಾನೆಂದು ಹೇಳಿಕೊಳ್ಳುವ ಹಕ್ಕನ್ನು ಅದೇ 1957ರ ಕಾಯ್ದೆ ನೀಡಿದೆ.

ಹೀಗಾಗಿ ಸುದ್ದಿ ಛಾಯಾಗ್ರಾಹಕರು ಕಾಣುವ ಬಗೆಯಲ್ಲಿ ಕಲಾವಿದರು, ಕಂಡದ್ದಕ್ಕೆ ಹೊಣೆಯಾಗುವಲ್ಲಿ ಪತ್ರಕರ್ತರು. ಚಿತ್ರದ ಕೆಳಗೆ ಅಚ್ಚಾಗುವ ಹೆಸರು ಈ ಎರಡಕ್ಕೂ ಸಲ್ಲುತ್ತದೆ.