ಕುಶನ್ ಕೆಲಸ

ಕುಶನ್ ಕೆಲಸ: ಕುರ್ಚಿ, ಸೋಫಾ, ದಿವಾನ್, ವಾಹನದ ಸೀಟುಗಳಿಗೆ ಮೆತ್ತೆ ಕೂರಿಸಿ ಬಟ್ಟೆ ಅಥವಾ ರೆಕ್ಸಿನ್ ಹೊದಿಸುವ ಕಸುಬು. ಶಿವಮೊಗ್ಗ, ಭದ್ರಾವತಿಗಳಲ್ಲಿ ಇದು ಮರಗೆಲಸ ಮತ್ತು ವಾಹನ ದುರಸ್ತಿಯ ಜೊತೆಜೊತೆಗೆ ನಡೆಯುತ್ತದೆ.

ಹಿನ್ನೆಲೆ: ಈ ಕಸುಬಿಗೆ ಕೆಲಸ ಒದಗಿಸುವ ಪೀಠೋಪಕರಣ, ಮನೆ, ವಾಹನ ಮೂರೂ ಇಲ್ಲಿವೆ. ಮಲೆನಾಡಿನ ಸಾಗುವಾನಿ, ಬೀಟೆ, ಹಲಸು ಪೀಠೋಪಕರಣಕ್ಕೆ ಹೆಸರಾದ ಮರಗಳು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಗಳಿಂದ ಭದ್ರಾವತಿ ನೌಕರರ ಕ್ವಾರ್ಟರ್ಸ್‌ಗಳ ಊರಾಯಿತು. ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್ ವಾಹನ ದುರಸ್ತಿಯ ನೆಲೆ.

ಸಾಮಗ್ರಿ: ಹಿಂದೆ ಬೂರುಗದ ಹತ್ತಿ, ಅರಳೆ, ತೆಂಗಿನ ನಾರು ತುಂಬುತ್ತಿದ್ದರು. ಜರ್ಮನಿಯಲ್ಲಿ 1937ರಲ್ಲಿ ಒಟ್ಟೊ ಬೇಯರ್ ತಂಡ ಕಂಡುಹಿಡಿದ ಪಾಲಿಯುರಿಥೇನ್‌ನಿಂದ ತಯಾರಾಗುವ ಫೋಮ್ ಈಗ ಆ ಜಾಗ ಹಿಡಿದಿದೆ. ಫೋಮ್‌ನ ‘ಡೆನ್ಸಿಟಿ’ ಎಂದರೆ ಒಂದು ಘನ ಮೀಟರಿನ ತೂಕ. 40 ಡೆನ್ಸಿಟಿಯ ಫೋಮ್ ಘನ ಮೀಟರಿಗೆ 40 ಕಿಲೊ ತೂಗುತ್ತದೆ.

ವಿಧಾನ: ಹಳೆಯ ಹೊದಿಕೆಯನ್ನು ಹರಿಯದಂತೆ ಬಿಚ್ಚಿ, ಅದನ್ನೇ ಅಳತೆಯಾಗಿಟ್ಟು ಹೊಸ ಬಟ್ಟೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಸಡಿಲ ಕೀಲುಗಳನ್ನು ಬಿಗಿಮಾಡಿ, ಚೌಕಟ್ಟಿಗೆ ಪಟ್ಟಿಗಳನ್ನು ಎಳೆದು ಹೆಣೆದು, ಫೋಮ್ ಅಂಟಿಸುತ್ತಾರೆ. ಬಟ್ಟೆಯನ್ನು ನಾಲ್ಕೂ ಬದಿಯ ನಡುವಿನಿಂದ ಮೂಲೆಯತ್ತ ಎಳೆದು ಪಿನ್ನು ಹೊಡೆಯುತ್ತಾರೆ. ಮೂಲೆಯ ನೆರಿಗೆ ಸುಕ್ಕಿಲ್ಲದೆ ಕೂತರೆ ಅದೇ ಕೈಚಳಕದ ಗುರುತು.

ಮಳೆಗಾಲ: ತೇವಕ್ಕೆ ಹತ್ತಿ, ನಾರು ಬೂಷ್ಟು ಹಿಡಿಯುತ್ತವೆ, ಅಗ್ಗದ ಕೃತಕ ಚರ್ಮದ ಮೇಲ್ಪದರ ಸಿಪ್ಪೆಯೇಳುತ್ತದೆ. ಸೋಫಾವನ್ನು ಗೋಡೆಯಿಂದ ದೂರವಿಟ್ಟು ಗಾಳಿಯಾಡಲು ಬಿಡಬೇಕು.

ಮಹತ್ವ: ಗಟ್ಟಿ ಚೌಕಟ್ಟನ್ನು ಉಳಿಸಿ ಮೆತ್ತೆ, ಹೊದಿಕೆಗಳನ್ನಷ್ಟೇ ಬದಲಿಸುವ ಈ ಕಸುಬು ಮರವನ್ನೂ ಹಣವನ್ನೂ ಉಳಿಸುತ್ತದೆ, ಪ್ರೋತ್ಸಾಹಕ್ಕೆ ಎಲ್ಲ ರೀತಿಯಿಂದಲೂ ಅರ್ಹ.