ಕಲ್ಲಿನ್ಯಾಗ ಯುದ್ಧ (ಭಾಗ 4)

ನಮ್ಮ ಕಾಲೇಜಿನ ಚಿತ್ರ ಪ್ರದರ್ಶನಕ್ಕ ಈ ಸಲ ವಿಷಯ 'ಯುದ್ಧ, ಸಂಘರ್ಷ'. ಎಲ್ಲಾರೂ ಟ್ಯಾಂಕು, ಬಾಂಬು ಬಿಡಸಾಕತ್ತಾರ. ನಾ ತಂಬೂರದ ಬಿ.ಕಾಂ ಹುಡುಗ, ವೀರಗಲ್ಲು ಆರಿಸ್ಕೊಂಡೆ.

ವೀರಗಲ್ಲು ಓದೂದು ಕೆಳಗಿಂದ ಮ್ಯಾಲಕ್ಕ. ಕೆಳಗಿನ ಪಟ್ಟಿಯಾಗ ಕಾಳಗ. ನಡುವ ಅಪ್ಸರೆಯರು ಸತ್ತ ವೀರನನ್ನ ಕರಕೊಂಡು ಹೋಗ್ತಾರ. ಮ್ಯಾಲಿನ ಪಟ್ಟಿಯಾಗ ಅಂವ ಲಿಂಗದ ಮುಂದ ಕುಂತಿರ್ತಾನ, ತುದಿಗೆ ಸೂರ್ಯ-ಚಂದ್ರ. ಎಷ್ಟೋ ಕಲ್ಲು ರಾಜರ ಯುದ್ಧದ್ದಲ್ಲ ನೋಡ್ರಿ. ಊರ ದನ ಹೊಡಕೊಂಡು ಹೋಗೋರನ್ನ ತಡಿಲಿಕ್ಕೆ ಹೋಗಿ ಸತ್ತವರದು.

ಇದೆಲ್ಲಾ ಹಳೇ ಕಾಲದ್ದು ಅನ್ಕೊಂಡಿದ್ದೆ. ಅಲ್ಲ. ಮಲಪ್ರಭಾ ಕಾಲುವೆ ನೀರು ಮುಟ್ಟದ ಹೊಲಕ್ಕೂ ಸರ್ಕಾರ ಅಭಿವೃದ್ಧಿ ಕರ ಹಾಕಿದಾಗ ರೈತರು ಎದ್ದರು. 1980ರ ಜುಲೈ 21ರ ಗೋಲಿಬಾರ್‌ನಾಗ ನವಲಗುಂದದಾಗ ಬಸಪ್ಪ ಲಕ್ಕುಂಡಿ, ನರಗುಂದದಾಗ ವೀರಪ್ಪ ಕಡ್ಲಿಕೊಪ್ಪ ತೀರಿಕೊಂಡರು. ಅವರ ಸ್ಮಾರಕಕ್ಕೂ ಜನ ವೀರಗಲ್ಲು ಅಂತನ ಕರೀತಾರ. ಪ್ರತಿ ಜುಲೈ 21ಕ್ಕ ಮಾಲಿ ಬೀಳ್ತಾವ.

ಆದ್ರ ಅವತ್ತ ನರಗುಂದದಾಗ ಸಿಟ್ಟಿಗೆದ್ದ ಗುಂಪಿನ ಕೈಯಾಗ ಪೊಲೀಸರೂ ಸತ್ತರು. ಅವರೂ ಯಾರದೋ ಮನಿ ಮಕ್ಕಳ. ಹಳೇ ಕಲ್ಲಿನ್ಯಾಗೂ ಹಿಂಗ: ವೀರನ ಕಾಲಡಿ ಬಿದ್ದವನ ಹೆಸರು ಯಾರೂ ಕೆತ್ತಂಗಿಲ್ಲ.

ನನ್ನ ಚಿತ್ರದಾಗ ಕೆಳಗಿನ ಎರಡು ಪಟ್ಟಿ ಮುಗದಾವ. ಟ್ರ್ಯಾಕ್ಟರ್ ಐತಿ, ಒಣ ಕಾಲುವೆ ಐತಿ, ಎರಡೂ ಕಡೆ ಬಿದ್ದ ಮಂದಿ ಅದಾರ. ಮ್ಯಾಲಿನ ಪಟ್ಟಿ ಖಾಲಿ ಇಟ್ಟೀನಿ. ಅಲ್ಲಿ ಯಾರನ್ನ ಕುಂಡ್ರಸಬೇಕು?

ನಿಮ್ಮೂರಾಗ ವೀರಗಲ್ಲು ಇದ್ರ ಫೋಟೊ ಕಳಸ್ರಿ. ಸುಣ್ಣ ಮಾತ್ರ ಬಳೀಬ್ಯಾಡ್ರಿ.